ಯಮನೂರಮ್ಮ ಹಡಗು ಹತ್ತಿದ್ದು ತಮ್ಮನ ಸಲುವಾಗಿ

ಕುಷ್ಟಗಿ ಕಡೆಯ ಹೊಲಗಳಲ್ಲಿ ಬಿಳಿ ಪರದೆಯ ಮನೆಗಳನ್ನು ಬಸ್ಸಿನ ಕಿಟಕಿಯಿಂದ ನೋಡಿರುತ್ತೀರಿ. ಗೊತ್ತಿಲ್ಲದವರು ಯಾರದೋ ಮದುವೆಯ ಹಂದರ ಅಂದುಕೊಳ್ಳಬೇಕು, ಹಾಗಿರುತ್ತವೆ. ಅವು ಬೀಜ ಮಾಡುವ ಮನೆಗಳು. ಒಳಗೆ ಮೆಣಸಿನ ಗಿಡ, ಗಿಡದ ಸಾಲಿನಲ್ಲಿ ಬಗ್ಗಿ ನಿಂತ ಹೆಂಗಸರು. ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆಯೇ ಬಿಡಿಸಿ, ಒಳಗಿನ ಗಂಡು ಎಳೆಗಳನ್ನು ಚಿಮಟದಿಂದ ಕಿತ್ತುಹಾಕಬೇಕು. ಬೆಳಗಾದರೆ ಬೇರೆ ಸಾಲಿನ ಗಿಡದ ಹೂಪುಡಿ ತಂದು ಅದಕ್ಕೆ ಮುಟ್ಟಿಸಬೇಕು. ಕ್ರಾಸಿಂಗ್ ಅನ್ನುತ್ತಾರೆ ಅದಕ್ಕೆ. ಮೆಹಬೂಬಬೀ ಮಾತ್ರ ಲಗ್ನ ಅನ್ನುತ್ತಾಳೆ. "ನಮ್ಮ ಹುಡುಗ್ಯಾರಿಗೆ ವರಾ ಸಿಗವಲ್ದು, ಈ ಮೆಣಸಿನಕಾಯಿಗೆ ನೋಡಬೇ, ದಿನಾ ಹಂದರ!"

ಮೆಹಬೂಬಬೀಯ ಮಾತಿಗೆ ಕೊನೆಯಿಲ್ಲ, ಅವಳನ್ನು ಆಮೇಲೆ ಮಾತಾಡಿಸೋಣ. ಅವಳ ಪಕ್ಕದ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡು ಕೆಲಸ ಮಾಡುವವಳು ಯಮನೂರಮ್ಮ. ಹುಟ್ಟಿದ್ದು ಯಲಬುರ್ಗಾ ಕಡೆ, ಕೊಟ್ಟದ್ದು ಇಲ್ಲಿಗೆ. ಇಬ್ಬರು ಹೆಣ್ಣುಮಕ್ಕಳ ಮದುವೆಯಾಗಿದೆ. ಗಂಡ ಮುದಿಯಪ್ಪ ಒಳ್ಳೆಯವನು, ಆದರೆ ಅವನ ಜೀವವೆಲ್ಲ ಎಮ್ಮೆಯಲ್ಲಿ. ಯಮನೂರಮ್ಮನಿಗೆ ಜ್ವರ ಬಂದರೆ ಗುಳಿಗೆ ನುಂಗು ಅಂತಾನೆ, ಎಮ್ಮೆ ಒಂದು ಹೊತ್ತು ಮೇವು ಬಿಟ್ಟರೆ ಡಾಕ್ಟರನ್ನು ಗಾಡಿಯ ಮೇಲೆ ಕೂರಿಸಿಕೊಂಡು ಬರುತ್ತಾನೆ.

ಯಮನೂರಮ್ಮನ ಕೈಯಲ್ಲಿ ಬೀಜ ಬೆರಕೆಯಾಗಿದ್ದು ಯಾರೂ ಕಾಣರು. ಹೋದ ವರ್ಷ ಬೀಜದ ಕಂಪನಿಯವರು ತಮ್ಮ ಅಂಗಡಿಕಾರರಿಗೆಲ್ಲ ಹಡಗಿನ ಪ್ರವಾಸ ಇಟ್ಟರು. ಅದರ ಜೊತೆಗೆ ಒಳ್ಳೆಯ ಬೀಜ ಮಾಡಿಕೊಟ್ಟ ಕೆಲವು ಹೆಂಗಸರನ್ನೂ ಕರೆದುಕೊಂಡು ಹೋಗುವುದು ಅಂತಾಯಿತು. ಕಂಪನಿಯ ಫೀಲ್ಡ್‌ಮನ್ ಕೊಟ್ರೇಶ ಪರದೆ ಸರಿಸಿ ಒಳಗೆ ಬಂದು ಸುದ್ದಿ ಹೇಳಿದ. ಯಮನೂರಮ್ಮ ತಲೆ ಎತ್ತಲಿಲ್ಲ.

"ನಾ ಒಲ್ಲೆನಪಾ. ಹೊಳಿ ದಾಟುವಾಗನ ಕಣ್ಣ ಮುಚ್ಚಿಕೊಂಡಾಕಿ ನಾನು."

ಅದು ನಿಜ. ಹನುಮನಹಳ್ಳಿಯ ಬೆಟ್ಟಕ್ಕೆ ಹೋದಾಗ ಹಂಪಿ ನೋಡೋಣ ಅಂತ ಎಲ್ಲರೂ ಹರಿಗೋಲು ಹತ್ತಿದ್ದರು. ಇವಳು ಆ ದಡ ಮುಟ್ಟುವವರೆಗೂ ಮುದಿಯಪ್ಪನ ಅಂಗಿ ಹಿಡಿದುಕೊಂಡಿದ್ದಳು, ಅಂಗಿಯ ಗುಂಡಿಯೇ ಕಿತ್ತುಹೋಗಿತ್ತು.

"ಹರಿಗೋಲಲ್ರೀ ಅಕ್ಕಾರ, ಊರಿಗೆ ಊರ ನೀರಮ್ಯಾಗ ನಡದಂಗ ಇರ್ತತಿ" ಅಂದ ಕೊಟ್ರೇಶ. "ಗೋವಾದಾಗ ಹತ್ತೂದು, ಲಕ್ಷದ್ವೀಪ ನೋಡೂದು, ಕೊಚ್ಚಿ ನೋಡೂದು, ಮಂಗಳೂರ ನೋಡೂದು, ಹೊಳ್ಳಿ ಗೋವಾಕ್ಕ ಬರೂದು."

ಯಮನೂರಮ್ಮನ ಚಿಮಟ ನಿಂತಿತು.

"ಮಂಗಳೂರಾಗ ಹಡಗ ನಿಲ್ತತೇನು?"

"ಮುಂಜಾನಿಂದ ಸಂಜಿತನಕ ನಿಲ್ತತ್ರಿ."

"ಹಂಗಾರ ನನ್ನ ಹೆಸರ ಬರಕೋ."

ಮೆಹಬೂಬಬೀ ಪಕ್ಕದ ಸಾಲಿನಿಂದ ಕತ್ತು ಚಾಚಿ ಗೆಳತಿಯ ಮುಖ ನೋಡಿದಳು. ಅವಳಿಗೆ ತಿಳಿಯಿತು. ಆದರೂ ಕೇಳಲಿಲ್ಲ. ಅವಳು ಸುಮ್ಮನಿದ್ದದ್ದು ಆ ವರ್ಷದಲ್ಲಿ ಅದೊಂದೇ ಸಲ ಇರಬೇಕು. "ನಂದೂ ಬರಕೋರಿ ಸಾಹೇಬ್ರ" ಅಂತ ಅಷ್ಟೇ ಅಂದಳು.

ಮಂಗಳೂರಿನಲ್ಲಿದ್ದವನು ಯಮನೂರಮ್ಮನ ತಮ್ಮ ಮಾರೆಪ್ಪ. ನಮ್ಮ ಕಡೆಯ ಊರುಗಳಲ್ಲಿ ಮಂಗಳೂರಿಗೆ ಯಾರನ್ನೂ ಕಳಿಸದ ಓಣಿ ಸಿಗುವುದು ಕಷ್ಟ. ಗಾರೆ ಕೆಲಸಕ್ಕೆ ಕೆಲವರು, ರಸ್ತೆ ಕೆಲಸಕ್ಕೆ ಕೆಲವರು. ಮಾರೆಪ್ಪ ಶಾಲೆ ಬಿಟ್ಟು ಓಡಿಹೋಗಿ ಸೇರಿದ್ದು ದಕ್ಕೆಯಲ್ಲಿ, ಅಂದರೆ ಮೀನಿನ ಬೋಟುಗಳು ಬಂದು ನಿಲ್ಲುವ ಕಟ್ಟೆಯಲ್ಲಿ. ಮೊದಲು ಬುಟ್ಟಿ ಹೊತ್ತ. ಆಮೇಲೆ ಬೋಟೇ ಹತ್ತಿದ. ಈಜು ಕಲಿತದ್ದು ಊರಿನ ಬಾವಿಯಲ್ಲಿ, ಬಾಳು ಮಾಡಿದ್ದು ಸಮುದ್ರದಲ್ಲಿ. ಒಮ್ಮೆ ಹೋದರೆ ವಾರಗಟ್ಟಲೆ ನೀರಿನ ಮೇಲೆ. ಮದುವೆ ಮಾಡಿಕೋ ಅಂದರೆ "ಬೋಟಿನವಂಗ ಯಾರ ಕೊಡ್ತಾರಬೇ" ಅಂತ ನಗುತ್ತಿದ್ದ. ಪಂಚಮಿಗೆ ಮಾತ್ರ ತಪ್ಪದೆ ಬರುತ್ತಿದ್ದ. ಬಂದವನು ಅಕ್ಕನನ್ನು ತವರಿಗೆ ಕರೆದೊಯ್ದು, ಅವ್ವ ಕಟ್ಟಿದ ಉಂಡಿ ಅಕ್ಕ ತಿನ್ನುವುದನ್ನು ನೋಡಿಕೊಂಡು ಕೂರುತ್ತಿದ್ದ.

ಕೊರೊನಾ ಮುಗಿದ ಮರುವರ್ಷ ಅವ್ವ ತೀರಿಕೊಂಡಳು. ಯಮನೂರಮ್ಮ ಓಡಿ ಹೋದಳು. ದಕ್ಕೆಯಲ್ಲಿ ಬುಟ್ಟಿ ಹೊರುವ ತಮ್ಮೂರಿನ ಶಾಮೀದಸಾಬನಿಗೆ ಫೋನು ಮಾಡಿ, ಮಗನಿಗೆ ಸುದ್ದಿ ಮುಟ್ಟಿಸು ಅಂದರು. ಎಲ್ಲರೂ ಮಗನಿಗಾಗಿ ಕಾದರು. ಬಿಸಿಲು ಇಳಿಯಿತು. ಹೆಣ ಇನ್ನು ಇಡಲಿಕ್ಕೆ ಬರುವುದಿಲ್ಲ ಅಂತ ಹಿರಿಯರು ಎದ್ದರು. ಮಗ ಕೊಡಬೇಕಾದ ಮಣ್ಣನ್ನು ಮಗಳು ಕೊಟ್ಟಳು. ಆ ಹಿಡಿಮಣ್ಣು ಕೈಯಿಂದ ಬಿಡುವಾಗ ಅವಳಿಗೆ ತಮ್ಮನ ಮೇಲೆ ಬಂದ ಸಿಟ್ಟು ಅವ್ವ ಹೋದ ದುಃಖಕ್ಕಿಂತ ದೊಡ್ಡದಾಗಿತ್ತು.

ಅವ್ವನ ದಿನಕರ್ಮದ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ ಮಾರೆಪ್ಪ ಬಂದ. ನಮ್ಮಲ್ಲಿ ಮನೆಗೆ ಯಾರೇ ಬರಲಿ, ವೈರಿಯೇ ಬರಲಿ, ಮೊದಲು ಒಂದು ತಂಬಿಗೆ ನೀರು ತಂದಿಡುತ್ತಾರೆ. ಕೈಕಾಲು ತೊಳೆದ ಮೇಲೆ ಒಳಗೆ. ನೀರು ಕೊಡಲಿಲ್ಲ ಅಂದರೆ ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ. ಮಾರೆಪ್ಪ ಹೊಸ್ತಿಲಾಚೆ ನಿಂತ. ಯಮನೂರಮ್ಮ ಒಲೆಯ ಮುಂದಿನಿಂದ ಏಳಲಿಲ್ಲ. ಅವನು ಕಾದ, ಕಾದು ತಿರುಗಿ ಹೋದ. ಆಮೇಲೆ ಅವನು ಪಂಚಮಿಗೂ ಬರಲಿಲ್ಲ, ಫೋನಿಗೂ ಸಿಗಲಿಲ್ಲ.

ಮೊದಮೊದಲು ಅವಳಿಗೆ ಸರಿಯಾಗಿಯೇ ಮಾಡಿದೆ ಅನಿಸುತ್ತಿತ್ತು. ಕೇಳಿದವರಿಗೆಲ್ಲ ಹೇಳುತ್ತಿದ್ದಳು, ಯಾರೂ ಕೇಳದಿದ್ದರೂ ಹೇಳುತ್ತಿದ್ದಳು. ಬರಬರುತ್ತ ಹೇಳುವುದು ನಿಂತಿತು. ಅಪ್ಪ ಇಲ್ಲ, ಅವ್ವ ಇಲ್ಲ. ಒಡಹುಟ್ಟಿದ ಹಕ್ಕಿನಿಂದ ಅವಳನ್ನು ‘ಅಕ್ಕಾ’ ಅನ್ನುವ ಬಾಯಿ ಜಗತ್ತಿನಲ್ಲಿ ಒಂದೇ ಉಳಿದಿತ್ತು, ಅದನ್ನೂ ತಾನೇ ಮುಚ್ಚಿಸಿಬಿಟ್ಟಿದ್ದಳು. ಬಸ್ಸು ಹತ್ತಿ ಮಂಗಳೂರಿಗೆ ಹೋಗಬಹುದಿತ್ತು, ಯಾರು ಬೇಡ ಅಂದಿದ್ದರು? ಆದರೆ ತಾನಾಗಿ ಹೋದರೆ ಸೋತಂತೆ. ಹಡಗು ಕರೆದೊಯ್ದರೆ ಸೋತಂತಲ್ಲ. ಇಂಥ ಲೆಕ್ಕ ನಮ್ಮ ಹೆಣ್ಣುಮಕ್ಕಳಿಗೆ ಮಾತ್ರ ಹೊಳೆಯುತ್ತದೆ.

ಕೊಪ್ಪಳದಲ್ಲಿ ರೈಲು ಹತ್ತಿ ಗೋವಾಕ್ಕೆ ಹೋದರು. ಮೆಹಬೂಬಬೀ ಒಂದು ಗಂಟು ಕಟಕ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಮೆಣಸಿನಕಾಯಿಯ ಖಾರ ಎಲ್ಲ ಕಟ್ಟಿದ್ದಳು. ಬಂದರದ ಬಾಗಿಲಲ್ಲಿ ಮನೆಯ ಅಡುಗೆ ಒಳಗೆ ಬಿಡುವುದಿಲ್ಲ ಅಂದರು. ಅಲ್ಲೇ ಸಾಮಾನು ಹೊರುವ ಆಳುಗಳು ನಿಂತಿದ್ದರು. ಅವರಲ್ಲೊಬ್ಬ ಗಂಟಿನ ವಾಸನೆಗೇ ಹತ್ತಿರ ಬಂದ.

"ಯಾವೂರವ್ರಬೇ?"

"ಕುಷ್ಟಗಿ ಕಡಿಯವ್ರು. ನೀವು?"

"ಗಂಗಾವತಿ."

"ತಗೋರಪಾ, ನೀವರ ತಿನ್ರಿ. ಈ ಮಂದಿಗೆ ರೊಟ್ಟಿ ಅಂದ್ರ ಬಾಂಬ್ ಕಂಡಂಗ ಆಗ್ತತಿ" ಅಂದಳು ಮೆಹಬೂಬಬೀ. ಆ ಆಳುಗಳು ಅಲ್ಲೇ ನೆರಳಿಗೆ ಕೂತು ರೊಟ್ಟಿ ಮುರಿದರು. ಇವರಿಬ್ಬರು ಹಡಗಿನ ಮೆಟ್ಟಿಲು ಹತ್ತುತ್ತ ತಿರುತಿರುಗಿ ಅವರನ್ನೇ ನೋಡಿದರು.

ಹಡಗಿನ ವರ್ಣನೆ ಮಾಡುತ್ತ ಕೂತರೆ ಮುಗಿಯುವುದಿಲ್ಲ. ಮುನಿರಾಬಾದಿನ ಡ್ಯಾಮನ್ನು ಕಿತ್ತು ತಂದು ತೇಲಿಬಿಟ್ಟಂತೆ ಅದರ ಮೈ. ಒಳಗೆ ಲಿಫ್ಟು, ದೀಪ, ಹಾಡು, ಕುಣಿತ. ಊಟಕ್ಕೆ ಕೂತರೆ ಹೆಸರು ಗೊತ್ತಿಲ್ಲದ ಇಪ್ಪತ್ತು ಭಕ್ಷ್ಯ, ಒಂದರಲ್ಲೂ ಖಾರವಿಲ್ಲ. ಅಂಗಡಿಕಾರರು ಮೊದಲ ದಿನವೇ ಬಣ್ಣದ ಚಡ್ಡಿ ಹಾಕಿಕೊಂಡು ಈಜುಕೊಳಕ್ಕೆ ಇಳಿದರು. ಮೆಹಬೂಬಬೀ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಅಲ್ಲಬೇ, ಸುತ್ತೂ ಸಮುದ್ರ ಐತಿ, ನಡುವ ಇವ್ರಿಗೆ ಒಂದು ಬಾನಿ ನೀರು!" ಸ್ವಲ್ಪ ಹೊತ್ತಿಗೆ ಅವಳಿಗೇ ತಲೆ ಸುತ್ತಿ, ನಿಂಬೆಹಣ್ಣು ಮೂಸುತ್ತ ಹಾಸಿಗೆಗೆ ಬಿದ್ದಳು.

ಯಮನೂರಮ್ಮ ಮಾತ್ರ ಕಂಬಿ ಹಿಡಿದು ಹೊರಗೇ ನಿಂತಿದ್ದಳು. ದಡ ಕಾಣುತ್ತಿತ್ತು, ಸಣ್ಣದಾಯಿತು, ಗೆರೆಯಾಯಿತು, ಇಲ್ಲವಾಯಿತು. ಹರಿಗೋಲಿನಲ್ಲಿ ಕಣ್ಣು ಮುಚ್ಚಿದವಳಿಗೆ ಇಲ್ಲಿ ಕಣ್ಣು ಮುಚ್ಚಲು ಕಾರಣವೇ ಸಿಗಲಿಲ್ಲ, ಹೆದರಿಕೆಯಾಗಲಿಕ್ಕೆ ಆಚೆಯ ದಡವಾದರೂ ಇರಬೇಕಲ್ಲ.

ಮನೆಯಲ್ಲಿ ಎಮ್ಮೆ ಕೆಚ್ಚಲು ಬಿಟ್ಟಿತ್ತು. ಇವತ್ತೋ ನಾಳೆಯೋ ಅನ್ನುವಂತಿತ್ತು. ಹೇಗಿದೆಯೋ ಕೇಳೋಣ ಅಂತ ಫೋನು ತೆಗೆದಳು. ಸಿಗ್ನಲ್ಲಿನ ಒಂದು ಗೆರೆಯೂ ಇಲ್ಲ. ಆಚೆ ಬದಿಗೆ ಹೋಗಿ ನೋಡಿದಳು, ಮೇಲಿನ ಅಂತಸ್ತಿಗೆ ಹತ್ತಿ ನೋಡಿದಳು. ಕೊನೆಗೆ ಕೊಟ್ರೇಶನನ್ನು ಹಿಡಿದಳು.

"ಫೋನ್ ಹತ್ತವಲ್ದಪಾ."

"ಇಲ್ಲಿ ಹತ್ತೂದಿಲ್ರಿ ಅಕ್ಕಾರ. ಇನ್ನ ದ್ವೀಪ ಬರೂತನಕ ಇಲ್ಲ."

"ಎಮ್ಮಿ ಈಯೂದೈತಿ. ಇದನ್ನ ಎಲ್ಲೆರ ಒಂದೀಟ ನಿಲ್ಲಸಾಕ ಬರೂದಿಲ್ಲೇನು?"

ಕೊಟ್ರೇಶ ಜೋರಾಗಿ ನಕ್ಕುಬಿಟ್ಟ. "ಕೈ ಮಾಡಿದ್ರ ನಿಲ್ಲಾಕ ಇದೇನ ಕುಷ್ಟಗಿ ಬಸ್ಸೇನ್ರಿ? ಎಮ್ಮಿ ಇರ್ಲಿ, ಹಡಿದವ್ವ ಹೋದಳಂದ್ರೂ ಇದು ಹೊಳ್ಳೂದಿಲ್ಲ."

ಅವನು ನಗುತ್ತ ಹೋದ. ಪಾಪ, ಅವನಿಗೇನು ಗೊತ್ತು. ಯಮನೂರಮ್ಮ ಅಲ್ಲೇ ಒಂದು ಕುರ್ಚಿಯ ಮೇಲೆ ಕೂತಳು. ನಾಲ್ಕೂ ದಿಕ್ಕಿಗೆ ನೀರು. ಇಷ್ಟು ದೊಡ್ಡ ಹಡಗೇ ಹೊರಳುವುದಿಲ್ಲವೆಂದರೆ ಮೀನಿನ ಬೋಟು ಯಾರ ಮಾತು ಕೇಳೀತು? ಶಾಮೀದಸಾಬ ದಡದ ಮೇಲೆ ನಿಂತು ಎಷ್ಟು ಕೂಗಿಕೊಂಡರೇನು? ಮಾರೆಪ್ಪ ಇಂಥ ನೀರಿನ ನಡುವೆ ಬಲೆ ಎಳೆಯುತ್ತ ಇದ್ದಿರಬೇಕು, ಊರಿನಲ್ಲಿ ತಾವು ಅವ್ವನ ಹೆಣವನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಕಾಯುತ್ತಿರುವಾಗ. ದಡ ಮುಟ್ಟಿದ ಮೇಲೆ ತಿಳಿದು ಓಡಿಬಂದಿರಬೇಕು. ಓಡಿಬಂದವನನ್ನು ತಾನು ಬಾಗಿಲಲ್ಲಿ ನಿಲ್ಲಿಸಿದೆ. ಇಷ್ಟು ವರ್ಷ ತಲೆಗೆ ಹೋಗದ ಮಾತು ಫೋನಿನ ಗೆರೆ ಹೋದ ಒಂದು ಮಧ್ಯಾಹ್ನ ಹೋಯಿತು.

"ಅಂವಂದ ತಪ್ಪಿಲ್ಲಬೇ" ಅಂದಳು ಒಳಗೆ ಬಂದು, ನಿಂಬೆಹಣ್ಣು ಹಿಡಿದು ಮಲಗಿದ್ದ ಗೆಳತಿಗೆ. "ನೀರಾಗ ಇದ್ದಂವಗ ಸುದ್ದಿ ಹೆಂಗ ಮುಟ್ಟಬೇಕು?"

"ಯಾ ಅಲ್ಲಾ, ಮೊದಲ ನನಗ ನೆಲಾ ಮುಟ್ಟಸಬೇ, ಆಮ್ಯಾಲೆ ಅವಂಗ ಸುದ್ದಿ ಮುಟ್ಟಸುವಂತಿ" ಅಂದಳು ಮೆಹಬೂಬಬೀ.

ದ್ವೀಪ ಬಂತು. ಹಡಗು ದೂರದಲ್ಲೇ ನಿಂತಿತು, ಸಣ್ಣ ದೋಣಿಗಳಲ್ಲಿ ಇಳಿಸಿ ಕರೆದೊಯ್ದರು. ನೀರು ಅಂದರೆ ಅದು ನೀರಿನ ಬಣ್ಣವೇ ಅಲ್ಲ, ಕಿನ್ನಾಳದ ಗೊಂಬೆಗೆ ಬಳಿಯುತ್ತಾರಲ್ಲ, ಅಂಥ ಹಸಿರುನೀಲಿ. ತೆಂಗಿನಮರದ ಕೆಳಗೆ ಒಬ್ಬ ಹೆಂಗಸು ಕೊಬ್ಬರಿ ಒಣಹಾಕುತ್ತಿದ್ದಳು. ಯಮನೂರಮ್ಮ ಅವಳ ಹತ್ತಿರ ಹೋಗಿ ಕೂತಳು. ಇವಳ ಮಾತು ಅವಳಿಗೆ ಬಾರದು, ಅವಳದು ಇವಳಿಗೆ ಬಾರದು. ಕೊಬ್ಬರಿ ತಿರುವಿಹಾಕಲು ಭಾಷೆ ಬೇಕಾಗಲಿಲ್ಲ, ಇಬ್ಬರೂ ತಿರುವಿದರು. ದೋಣಿಯವನಿಗೆ ಹಿಂದಿ ಬರುತ್ತಿತ್ತು, ಮೆಹಬೂಬಬೀಗೂ ಬರುತ್ತಿತ್ತು. ಹಾಗೆ ಇಬ್ಬರ ಬಾಯಿ ದಾಟಿ ಮಾತು ನಡೆಯಿತು. ಗಂಡ ಮೀನಿಗೆ ಹೋಗಿದ್ದಾನಂತೆ. ಯಾವಾಗ ಬರುತ್ತಾನೆ ಅಂತ ಯಮನೂರಮ್ಮ ಕೇಳಿಸಿದಳು. ಆ ಹೆಂಗಸು ನಕ್ಕು ಏನೋ ಅಂದಳು.

"ಏನಂತಬೇ?"

"ಅದನ್ನ ಕೇಳಬಾರದಂತ" ಅಂದಳು ಮೆಹಬೂಬಬೀ. "ದಿನಾ ಅವಂದೂ ಹಿಡದ ಅನ್ನಕ್ಕ ಇಡತಾಳಂತ. ಬಂದ್ರ ಉಣ್ತಾನ, ಇಲ್ಲಂದ್ರ ಕೋಳಿ ಉಣ್ತಾವಂತ."

ಯಮನೂರಮ್ಮ ಆ ಹೆಂಗಸಿನ ಕೈ ಹಿಡಿದು ಸ್ವಲ್ಪ ಹೊತ್ತು ಬಿಡಲಿಲ್ಲ.

ಕೊಚ್ಚಿ ಹತ್ತಿರವಾಗುತ್ತಿದ್ದಂತೆ ಎಲ್ಲರ ಫೋನುಗಳೂ ಒಟ್ಟಿಗೆ ಕೂಗಿಕೊಂಡವು. ಮುದಿಯಪ್ಪ ಸಿಕ್ಕಿದ. ಎಮ್ಮೆ ಈದಿತ್ತು. "ಹೆಣ್ಣಗರಾ ಬೇ! ಹಣಿ ಮ್ಯಾಲೆ ಬಿಳೇ ಚುಕ್ಕಿ ಐತಿ. ಗಿಣ್ಣಾ ಮಾಡಾಕ ನೀನ ಇಲ್ಲ ನೋಡು." ನೀನು ಹೇಗಿದ್ದೀ ಅಂತ ಕೇಳಲಿಲ್ಲ, ಇಡುವಾಗ ನೆನಪಾಗಿ "ಸಮುದ್ರದ ದಂಡಿಗೆ ಹೋಗಬ್ಯಾಡ" ಅಂದ. ನಡುಸಮುದ್ರದಲ್ಲಿ ಎರಡು ದಿನ ಕಳೆದು ಬಂದವಳಿಗೆ!

ಆಮೇಲೆ ಶಾಮೀದಸಾಬನಿಗೆ ಫೋನು ಹಚ್ಚಿದಳು, ತಾನು ಬರುವ ಸುದ್ದಿಯನ್ನು ಊರು ಬಿಡುವ ಮೊದಲೇ ಅವನಿಗೆ ಹೇಳಿಟ್ಟಿದ್ದಳು.

"ಮಾರೆಪ್ಪ ದಂಡಿ ಮ್ಯಾಲೆ ಅದಾನೋ, ನೀರಾಗ ಅದಾನೋ?"

"ದಂಡಿ ಮ್ಯಾಲೆ ಅದಾನಕ್ಕ. ಬೋಟ ನಿನ್ನಿ ಬಂತು. ನೀ ಬರ್ತಿ ಅಂತ ಹೇಳೀನಿ."

"ಏನಂದ?"

"ಹೂಂ ಅನ್ಲಿಲ್ಲ, ಊಹೂಂನೂ ಅನ್ಲಿಲ್ಲ. ಬಲಿ ಹೊಲಕೋತ ಕುಂತ."

ಮಂಗಳೂರಿನಲ್ಲಿ ಎಲ್ಲರೂ ಗುಡಿ ನೋಡಲು, ಬೀಚು ನೋಡಲು ಬಸ್ಸು ಹತ್ತಿದರು. ಯಮನೂರಮ್ಮ ಮತ್ತು ಮೆಹಬೂಬಬೀ ಆಟೋ ಹಿಡಿದು ದಕ್ಕೆಗೆ ಹೋದರು. ಕೊಟ್ರೇಶ ಹತ್ತು ಸಲ ಹೇಳಿ ಕಳಿಸಿದ್ದ, ಹೊತ್ತು ಮೀರಿದರೆ ಹಡಗು ಕಾಯುವುದಿಲ್ಲ ಅಂತ. ಅದನ್ನು ಅವಳಿಗೆ ಹೇಳಬೇಕಾಗಿರಲಿಲ್ಲ.

ದಕ್ಕೆ ಅಂದರೆ ನಮ್ಮ ಸಂತೆಯೇ, ಕಾಲ ಕೆಳಗೆ ಮಾತ್ರ ಐಸಿನ ನೀರು. ಬೋಟುಗಳು ಒಂದಕ್ಕೊಂದು ಮೈ ತಾಗಿಸಿ ನಿಂತಿದ್ದವು. ಶಾಮೀದಸಾಬ ಮುಂದೆ ಮುಂದೆ ನಡೆದು ಒಂದು ಶೆಡ್ಡಿನ ನೆರಳು ತೋರಿಸಿ ತಾನು ಹಿಂದೆ ಉಳಿದ. ಅಲ್ಲಿ ಬಲೆಯ ರಾಶಿಯ ನಡುವೆ ಒಬ್ಬ ಕೂತಿದ್ದ. ತಲೆಯೆಲ್ಲ ಬೆಳ್ಳಗೆ. ಇವನ್ಯಾರೋ ಮುದುಕ ಅಂತ ದಾಟಿ ಹೋಗುತ್ತಿದ್ದಳು, ಅವನೇ ಎದ್ದು ನಿಂತ.

"ಯಕ್ಕಾ" ಅಂದ.

ಅಷ್ಟು ಸಾಕಾಗಿತ್ತು ಅವಳಿಗೆ. ಅಲ್ಲಿಗೇ ನಿಲ್ಲಿಸಿದ್ದರೆ ಎಲ್ಲರೂ ಸುಖವಾಗಿ ಅತ್ತು, ಮೂಗು ಒರೆಸಿಕೊಂಡು, ಚಹಾ ಕುಡಿದು ಬರಬಹುದಿತ್ತು. ಆದರೆ ಯಮನೂರಮ್ಮ ಹಡಗಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಹೇಳದೆ ಬಿಡುವವಳಲ್ಲ.

"ತಪ್ಪ ನಂದಪಾ ಮಾರೆಪ್ಪ. ಸಮುದ್ರಂದ್ರ ಹೆಂಗಿರ್ತತಿ ನಾ ಏನ ಕಂಡಿದ್ದೆ? ಫೋನಿಲ್ಲ, ದಾರಿಯಿಲ್ಲ. ನೀರಾಗ ಇದ್ದಂವ ನೀ ಹೆಂಗ ಬರ್ತಿದ್ದಿ? ನಾ ತಿಳೀಲಿಲ್ಲ, ನಿನ್ನ ಬಾಗಲದಾಗ ನಿಲ್ಲಿಸಿದೆ."

ಮಾರೆಪ್ಪ ಕೈಯಲ್ಲಿದ್ದ ಬಲೆಯ ದಾರವನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ನಾ ನೀರಾಗ ಇರ್ಲಿಲ್ಲಕ್ಕ."

"ಹಾಂ?"

"ಇಲ್ಲೇ ಇದ್ದೆ, ದಂಡಿ ಮ್ಯಾಲೆ. ಶಾಮೀದಗೂ ಇದನ್ನ ಹೇಳಗೊಡಲಿಲ್ಲ. ಬೋಟ ಬಿಡಾಕ ತಯಾರಾಗಿತ್ತು. ಶಾಮೀದ ಓಡಿ ಬಂದ. ಅವ್ವ ಹೋದ್ಲು ಅಂದ. ಬಸ್‌ಸ್ಟ್ಯಾಂಡಿಗೆ ಹೋಗೂಣು ಅಂತ ಚೀಲಾ ತಗೊಂಡೆ. ಕಾಲು ಬೋಟಿನ ಕಡೆ ಹೋದ್ವು."

"ಯಾಕ?"

"ನಾ ಹೋಗಿ ಮಾರಿ ನೋಡಿದ್ರ ಅವ್ವ ಸತ್ತಂಗ. ನೀರಿನ ಮ್ಯಾಲೆ ಹೇಳೋರು ಯಾರದಾರ? ಅಲ್ಲಿ ಇದ್ದಷ್ಟು ದಿನಾ ಅಕಿ ಊರಾಗ ರೊಟ್ಟಿ ಬಡಕೋತ ಇದ್ಲು."

ಯಮನೂರಮ್ಮ ಸಮುದ್ರದ ಮೇಲೆ ಕೂತು ಇವನ ಪರವಾಗಿ ಎಷ್ಟೆಲ್ಲ ನ್ಯಾಯ ಹೇಳಿಕೊಂಡು ಬಂದಿದ್ದಳು! ಒಂದೂ ನಿಲ್ಲಲಿಲ್ಲ. ಹಿಡಿಮಣ್ಣಿನ ದಿನದ ಆ ಸಿಟ್ಟು ಹೋಗಿದೆ ಅಂದುಕೊಂಡಿದ್ದಳು, ಇಲ್ಲೇ ಐಸಿನ ಪೆಟ್ಟಿಗೆಯಲ್ಲಿ ಕೆಡದೆ ಕೂತಿತ್ತೇನೋ ಅನ್ನುವಂತೆ ಎದ್ದುಬಂತು. ಮುಷ್ಟಿ ಕಟ್ಟಿ ಅವನ ಭುಜಕ್ಕೆ ಗುದ್ದಿದಳು. ಇನ್ನೊಂದು ಗುದ್ದಿದಳು. ಅವನು ಸರಿಯಲಿಲ್ಲ.

"ಯಮನವ್ವಾ, ಮಂದಿ ನೋಡಾಕತ್ತಾರ!" ಅಂದಳು ಮೆಹಬೂಬಬೀ.

"ನೋಡ್ಲಿ! ಸಂಜಿತನಕ ಕಾಯ್ದೀವಿ ಇವನ ಸಲುವಾಗಿ. ಅವ್ವನ ಕಣ್ಣಿಗೆ ನೊಣಾ ಹೊಡಕೋತ ಕುಂತಿದ್ದೆ ನಾನು. ನೀರಾಗ ಇದ್ದೆ ಅಂತ ಒಂದ ಸುಳ್ಳ ಹೇಳಿದ್ರ ಏನ ಆಗತಿತ್ತೋ ನಿನಗ? ನಂಬತಿದ್ದೆ."

"ನಂಬತಿ ಅಂತನ ಹೇಳಲಿಲ್ಲಕ್ಕ. ತಪ್ಪ ನಂದು ಅಂತ ನೀ ಅಂದಿಯಲ್ಲ, ಅದನ್ನ ಹೆಂಗ ತಡಕೊಳ್ಲಿ?"

ಅವಳು ಬಲೆಯ ರಾಶಿಯ ಮೇಲೆ ಕುಸಿದು ಕೂತಳು. ಅವನು ಪಕ್ಕದಲ್ಲಿ, ಸ್ವಲ್ಪ ದೂರ ಬಿಟ್ಟು ಕೂತ. ಹಕ್ಕಿಗಳು ಮೀನಿನ ಬುಟ್ಟಿಯ ಮೇಲೆ ಎರಗುತ್ತಿದ್ದವು. ಅವನ ಕೈಯನ್ನು ಅವಳು ಓರೆಗಣ್ಣಿನಿಂದ ನೋಡಿದಳು. ಹಗ್ಗ ಎಳೆದೆಳೆದು ಅಂಗೈಯಲ್ಲಿ ಗೀರು ಬಿದ್ದಿದ್ದವು. ಅವ್ವನ ಕೈಯೂ ಹಾಗೇ ಇತ್ತು, ಬಾವಿಯ ಹಗ್ಗಕ್ಕೆ. ಇವನು ತಪ್ಪು ಮಾಡಿದ್ದ, ಅದು ತಪ್ಪೇ. ಸಮುದ್ರವೂ ಅದನ್ನು ಮುಚ್ಚಲಿಲ್ಲ. ಆದರೂ ಇವನನ್ನು ಬಿಟ್ಟರೆ ಅವ್ವ ಸತ್ತದ್ದಕ್ಕೆ ಇಷ್ಟು ಹೆದರಿದ ಇನ್ನೊಬ್ಬರು ಈ ಲೋಕದಲ್ಲಿ ಇರಲಿಲ್ಲ.

ಫೋನು ಬಡಿದುಕೊಂಡಿತು. ಕೊಟ್ರೇಶ.

"ಅಕ್ಕಾರ, ಎಲ್ಲಿ ಅದೀರಿ? ಎಲ್ಲಾರೂ ಹೊಳ್ಳಿ ಬಂದ್ರು. ನೀವಿಬ್ರ ಉಳದೀರಿ!"

"ಬಂದ್ವಿ" ಅಂತ ಎದ್ದಳು. ಮಾರೆಪ್ಪನೂ ಎದ್ದ. ಅವನ ಮುಖದಲ್ಲಿ, ಇದು ಇಷ್ಟಕ್ಕೇ ಮುಗಿಯಿತು ಅನ್ನುವ ಕಳೆ ಇತ್ತು. ಯಮನೂರಮ್ಮ ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು.

"ನಿನಗ ಬೈಯೂದು ಭಾಳ ಐತಿ. ಇಲ್ಲಿ ನಿಂತು ಮುಗಿಯೂದಲ್ಲ. ಊರಿಗೆ ಬಾ."

"ಬೈಯಾಕ ಕರೀತಿಯೇನಕ್ಕ?"

"ಮತ್ಯಾದಕ್ಕ ಅಂತ ತಿಳದಿ? ಆರತಿ ಮಾಡಾಕೇನು?"

ಮಾರೆಪ್ಪ ತೋಳಿನಿಂದ ಕಣ್ಣು ಒರೆಸಿಕೊಂಡ. "ಎಷ್ಟ ದಿನದ ಬೈಗಳಬೇ? ಬೋಟಿನವರಿಗೆ ರಜಾ ಹೇಳಬೇಕು."

"ಹೆಚ್ಚಿಗೇ ಹೇಳಿ ಬಾ" ಅಂದು ಅವಳು ಆಟೋದಲ್ಲಿ ಕೂತಳು. ಆಟೋ ಹೊರಟ ಮೇಲೂ ಅವನು ಅಲ್ಲೇ ನಿಂತು ಶಾಮೀದಸಾಬನಿಗೆ ಏನೋ ಕೇಳುತ್ತಿದ್ದ. ಕುಷ್ಟಗಿಯ ಬಸ್ಸು ಯಾವುದು ಅಂತ ಕೇಳುತ್ತಿರಬೇಕು ಅಂದಳು ಮೆಹಬೂಬಬೀ. ಯಮನೂರಮ್ಮ ತಿರುಗಿ ನೋಡಲಿಲ್ಲ, ಆಟೋದ ಕನ್ನಡಿಯಲ್ಲಿ ನೋಡಿದಳು.

ಇಬ್ಬರೂ ಏದುಸಿರು ಬಿಡುತ್ತ ಹಡಗು ಹತ್ತಿದರು. ಮೇಲೆ ಬಂದು ಕಂಬಿ ಹಿಡಿದು ನಿಂತಾಗ ಮಂಗಳೂರು ಮೆಲ್ಲಗೆ ಹಿಂದೆ ಸರಿಯುತ್ತಿತ್ತು. ಮೆಹಬೂಬಬೀ ಮುಂಜಾಗ್ರತೆಗೆ ನಿಂಬೆಹಣ್ಣು ಹೊರಗೆ ತೆಗೆದಳು.

"ಸಿಟ್ಟ ಇಳೀತೇನಬೇ?"

"ಇಳಿದ್ರ ಹೆಂಗ? ಅಂವ ಬಂದಾಗ ಏನ ಮಾಡ್ಲಿ?" ಅಂದಳು ಯಮನೂರಮ್ಮ. "ಎಲ್ಲಿಂದ ಶುರು ಮಾಡ್ಲಿ ಹೇಳು. ಅವ್ವ ಹೋದ ದಿನದಿಂದನೋ, ಸಾಲಿ ಬಿಟ್ಟ ಓಡಿಹೋದ್ನಲ್ಲ, ಅಲ್ಲಿಂದನೋ?"

"ಸಾಲಿಯಿಂದ ಶುರು ಮಾಡು" ಅಂದಳು ಮೆಹಬೂಬಬೀ. "ಹೆಚ್ಚ ದಿನಾ ಉಳೀತಾನ."